ಹಾರ್ಡ್ ಡಿಸ್ಕಿಗೂ ಹಸಿವಾಗುತ್ತದೆ

ಪಂಚಮಿ ಹಬ್ಬಕ್ಕೆ ಇನ್ನೂ ನಾಲ್ಕು ದಿನ ಇತ್ತು. ಮುಂಡರಗಿಯಿಂದ ಚಿಗವ್ವನ ಫೋನು ಬಂತು. ಚಿಗವ್ವ ಅಂದರೆ ನಮ್ಮವ್ವನ ತಂಗಿ. ವಯಸ್ಸು 86. ಕಣ್ಣು ಮಂಜಾಗಿದೆ, ಕಿವಿ ಮಾತ್ರ ಇನ್ನೂ ಚುರುಕು.

"ತಮ್ಮಾ, ನಮ್ಮಕ್ಕ ಹಾಡಿದ ಬೀಸೂ ಪದ ನಿನ್ನ ಕಡೆ ಅದಾವಂತಲ್ಲೋ. ಹಬ್ಬಕ್ಕ ಬರೂ ಮುಂದ ತಗೊಂಡು ಬಾ. ಒಮ್ಮೆ ಅಕಿ ದನಿ ಕೇಳಬೇಕು ಅನಸೇತಿ. ಮುಂದಿನ ಪಂಚಮಿ ಯಾರು ಕಂಡಾರ?"

"ತರ್ತೀನಿ ಚಿಗವ್ವಾ" ಅಂದೆ. ಅಂದದ್ದು ಸುಲಭವಾಯಿತು.

ನಾನು ಲಕ್ಷ್ಮೇಶ್ವರದವನು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. 2010ರ ಬೇಸಿಗೆಯಲ್ಲಿ ನನ್ನ ಮಗ ಅವ್ವನನ್ನೂ ಚಿಗವ್ವನನ್ನೂ ಬೀಸುಕಲ್ಲಿನ ಎದುರುಬದುರು ಕೂಡ್ರಿಸಿ, ಸಣ್ಣ ರೆಕಾರ್ಡರಿನಲ್ಲಿ 41 ಪದ ಹಿಡಿದಿಟ್ಟಿದ್ದ. ಎರಡು ವರ್ಷದ ಮೇಲೆ ಅವ್ವ ಹೋದಳು. ಆ ಪದಗಳೆಲ್ಲ ಅಂಗೈ ಅಗಲದ ಒಂದು ಹಾರ್ಡ್ ಡಿಸ್ಕಿನಲ್ಲಿ ಉಳಿದವು. ಬೇರೆಲ್ಲೂ ನಕಲು ಇರಲಿಲ್ಲ. "ಮಾಡಿದರಾಯಿತು" ಎನ್ನುತ್ತಲೇ ವರ್ಷಗಳು ಕಳೆದಿದ್ದವು.

ಫೋನು ಇಟ್ಟವನೇ ಕಪಾಟಿನಿಂದ ಡಿಸ್ಕ್ ತೆಗೆದು ಮನೆಯ ಹಳೆಯ ಕಂಪ್ಯೂಟರಿಗೆ ಸಿಕ್ಕಿಸಿದೆ. ಪುಟ್ಟ ದೀಪವೇನೋ ಹತ್ತಿತು. ಆಮೇಲೆ ಒಳಗಿನಿಂದ ಸದ್ದು: ಕಟ್... ಕಟ್... ಕಟ್. ಮತ್ತೆ ಮೌನ. ಪರದೆಯ ಮೇಲೆ ಏನೂ ಬರಲಿಲ್ಲ. ಇನ್ನೊಮ್ಮೆ ಹಾಕಿದೆ. ಅದೇ ಕಟ್ ಕಟ್. ಪಕ್ಕದ ಮನೆಯವರು ಬಂದು ಕಿವಿಗೊಟ್ಟು ಕೇಳಿ, "ಇದು ಸತ್ತೈತ್ರಿ ಸರ. ಬೆಂಗಳೂರಿಗೆ ಕಳಸಬೇಕು, ಭಾಳ ರೊಕ್ಕ ಕೇಳ್ತಾರ" ಅಂದರು. ನನಗೆ ಎದೆ ಧಸಕ್ಕೆಂದಿತು. ಅವ್ವ ಎರಡನೇ ಸಲ ಹೋದಳೇನೋ ಅನ್ನಿಸಿ ಕಟ್ಟೆಯ ಮೇಲೆ ಕೂತುಬಿಟ್ಟೆ.

ಹಬ್ಬಕ್ಕೆಂದು ಗದುಗಿನಿಂದ ಬಂದಿದ್ದ ಮೊಮ್ಮಗಳು ಎಂಟನೇ ಇಯತ್ತೆಯವಳು. ಅವಳು ಡಿಸ್ಕನ್ನು ಬೋರಲು ಮಾಡಿ, ಬೆನ್ನ ಮೇಲಿನ ಇರುವೆ ಸಾಲಿನಂಥ ಅಕ್ಷರಗಳನ್ನು ಓದತೊಡಗಿದಳು.

"ಅಜ್ಜಾ, ಇಲ್ಲಿ 5 ವೋಲ್ಟ್, 1 ಆಂಪಿಯರ್ ಅಂತ ಬರದಾರ. ಅಂದ್ರ ಇದಕ್ಕ ಇಷ್ಟು ಊಟ ಬೇಕು ಅಂತಲ್ಲ? ನಮ್ಮ ಕಂಪ್ಯೂಟರ್ ಅಷ್ಟು ಕೊಡತೈತೇನು?"

ಮೂವತ್ತು ವರ್ಷ ಬೋರ್ಡಿನ ಮೇಲೆ ವೋಲ್ಟ್, ಆಂಪಿಯರ್ ಬರೆದ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ.

ಒಳಗೊಂದು ಬೀಸುಕಲ್ಲು

ಮಕ್ಕಳೇ, ಪೆನ್ ಡ್ರೈವಿನ ಒಳಗೆ ತಿರುಗುವಂಥದ್ದು ಏನೂ ಇಲ್ಲ. ಆದರೆ ಹಾರ್ಡ್ ಡಿಸ್ಕಿನೊಳಗೆ ಕನ್ನಡಿಯಂತೆ ಹೊಳೆಯುವ ದುಂಡನೆಯ ತಟ್ಟೆಗಳಿವೆ. ಅವುಗಳ ಮೇಲೆ ತೆಳುವಾದ ಕಾಂತೀಯ ಲೇಪ. ಹಾಡು, ಚಿತ್ರ, ಅಕ್ಷರ ಎಲ್ಲವೂ ಆ ಲೇಪದ ಮೇಲೆ ಕಣ್ಣಿಗೆ ಕಾಣದ ಕಾಂತೀಯ ಗುರುತುಗಳಾಗಿ ಕೂತಿರುತ್ತವೆ. ಅವನ್ನು ಓದಬೇಕಾದರೆ ತಟ್ಟೆ ತಿರುಗಲೇಬೇಕು. ಅಂಗೈ ಅಗಲದ ಬಹಳಷ್ಟು ಡಿಸ್ಕುಗಳಲ್ಲಿ ತಟ್ಟೆ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಓದುವ ತಲೆ ಅದನ್ನು ಮುಟ್ಟದೆ, ಕೂದಲೆಳೆಗಿಂತ ಎಷ್ಟೋ ಪಟ್ಟು ಕಡಿಮೆ ಅಂತರದಲ್ಲಿ, ಗಾಳಿಯ ಪದರದ ಮೇಲೆ ತೇಲುತ್ತದೆ.

ಈ ಜಾತಿಯ ಮೊದಲ ಯಂತ್ರವನ್ನು ಅಮೆರಿಕದ ಐಬಿಎಂ ಕಂಪನಿ 1956ರಲ್ಲಿ ಹೊರತಂದಿತು. ಅದರಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು, ತೂಕ ಸುಮಾರು ಒಂದು ಟನ್. ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ ಮಾತ್ರ. ಇಂದು ಮೊಬೈಲಿನಲ್ಲಿ ತೆಗೆದ ಒಂದೆರಡು ಫೋಟೊ ಹಾಕಿದರೆ ಅದು ತುಂಬಿಹೋಗುತ್ತಿತ್ತು! ಇಂದಿನ ಡಿಸ್ಕ್ ಅಂಗಿಯ ಕಿಸೆಯಲ್ಲಿ ಹೋಗುತ್ತದೆ. ಆದರೆ ತಿರುಗುವ ಕೆಲಸ ಮಾತ್ರ ತಪ್ಪಿಲ್ಲ. ತಿರುಗಲು ಮೋಟರು ಬೇಕು, ಮೋಟರಿಗೆ ವಿದ್ಯುತ್ ಬೇಕು.

ನಮ್ಮ ಲಕ್ಷ್ಮೇಶ್ವರ ಹಳೆಯ ಪುಲಿಗೆರೆ. ಇಲ್ಲಿಯ ಕಲ್ಲಿನ ಶಾಸನಗಳು ಶತಮಾನಗಳಿಂದ ಬಿಸಿಲು ಮಳೆಗೆ ನಿಂತಿವೆ, ಓದಲು ಹಗಲಿನ ಬೆಳಕು ಸಾಕು. ಹಾರ್ಡ್ ಡಿಸ್ಕಿಗೆ ಆ ಭಾಗ್ಯವಿಲ್ಲ. ವಿದ್ಯುತ್ ಸಿಗದಿದ್ದರೆ ಅದರೊಳಗಿನ ಪದಗಳು ಇದ್ದೂ ಇಲ್ಲದಂತೆ.

ಟಾಕಿಯ ಎತ್ತರ, ನಳದ ಧಾರೆ

ವೋಲ್ಟ್, ಆಂಪಿಯರ್ ಅಂದರೆ ಹೆದರಬೇಡಿ. ಮನೆಯ ಮೇಲಿನ ನೀರಿನ ಟಾಕಿ ನೆನೆಯಿರಿ. ಟಾಕಿ ಎತ್ತರದಲ್ಲಿದ್ದಷ್ಟೂ ಒತ್ತಡ ಹೆಚ್ಚು. ವಿದ್ಯುತ್ತಿನಲ್ಲಿ ಆ ಒತ್ತಡವನ್ನು ವೋಲ್ಟಿನಲ್ಲಿ ಅಳೆಯುತ್ತಾರೆ. ನಳದಿಂದ ಎಷ್ಟು ದಪ್ಪ ಧಾರೆ ಬರುತ್ತಿದೆ ಎನ್ನುವುದೇ ಆಂಪಿಯರ್. ಎರಡನ್ನೂ ಗುಣಿಸಿದರೆ ಸಿಗುವುದು ವ್ಯಾಟ್. ನಮ್ಮ ಡಿಸ್ಕಿನ ಬೆನ್ನ ಮೇಲೆ 5 ವೋಲ್ಟ್, 1 ಆಂಪಿಯರ್ ಎಂದಿತ್ತು. ಅಂದರೆ 5 ವ್ಯಾಟ್. ಮನೆಯ 9 ವ್ಯಾಟಿನ ಎಲ್‌ಇಡಿ ಬಲ್ಬಿಗಿಂತಲೂ ಕಡಿಮೆ!

ಇಷ್ಟು ಸಣ್ಣ ಊಟವನ್ನೂ ಕಂಪ್ಯೂಟರು ಕೊಡಲಾರದೆ? ಅದನ್ನು ತಿಳಿಯಲು ಯುಎಸ್‌ಬಿ ಎಂಬ ಆ ಚಪ್ಪಟೆ ಬಾಯಿಯ ಕಥೆ ನೋಡಬೇಕು. ಇದರ ಮೊದಲ ನಿಯಮಾವಳಿ ಬಂದದ್ದು 1996ರ ಜನವರಿಯಲ್ಲಿ. ಅದನ್ನು ರೂಪಿಸಿದವರಲ್ಲಿ ಮುಖ್ಯರು ಅಜಯ್ ಭಟ್, ಗುಜರಾತಿನ ವಡೋದರಾದಲ್ಲಿ ಓದಿ ಅಮೆರಿಕದ ಇಂಟೆಲ್ ಕಂಪನಿ ಸೇರಿದ ನಮ್ಮವರೇ. ಮೌಸು, ಕೀಲಿಮಣೆ, ಪ್ರಿಂಟರು ಎಂದು ಒಂದೊಂದಕ್ಕೆ ಒಂದೊಂದು ಬಗೆಯ ತಂತಿ ಇದ್ದ ಕಾಲ ಅದು. ಎಲ್ಲಕ್ಕೂ ಒಂದೇ ಬಾಯಿ ಇರಲಿ ಎಂಬುದು ಆಗಿನ ಯೋಚನೆ.

ಹಳೆಯ ಯುಎಸ್‌ಬಿ ಕೇಬಲ್ಲಿನ ಒಳಗೆ ನಾಲ್ಕು ತಂತಿ. ಎರಡು ಮಾಹಿತಿ ಒಯ್ಯುತ್ತವೆ. ಉಳಿದೆರಡು, ಸಾಮಾನ್ಯವಾಗಿ ಕೆಂಪು ಮತ್ತು ಕಪ್ಪು, 5 ವೋಲ್ಟಿನ ವಿದ್ಯುತ್ ಒಯ್ಯುತ್ತವೆ. ಪುಟ್ಟ ಹಾರ್ಡ್ ಡಿಸ್ಕಿಗೆ ಬೇರೆ ಚಾರ್ಜರು ಬೇಡ ಎನ್ನುವುದು ಇದೇ ಕಾರಣಕ್ಕೆ. ಮಾತು, ಊಟ ಎರಡೂ ಒಂದೇ ಕೇಬಲ್ಲಿನಲ್ಲಿ.

ಆದರೆ ಊಟಕ್ಕೆ ಲೆಕ್ಕವಿದೆ. ಪಂಕ್ತಿಯಲ್ಲಿ ಕೂತಾಗ ಮೊದಲು ಎಲೆಗೆ ಸ್ವಲ್ಪ ಬಡಿಸಿ, ಆಮೇಲೆ "ಇನ್ನಷ್ಟು ಬೇಕೇನ್ರಿ?" ಎಂದು ಕೇಳುವುದಿಲ್ಲವೇ? ಹಾಗೆಯೇ ಹೊಸದಾಗಿ ಬಂದು ಕೂತ ಸಾಧನ ಮೊದಲು 100 ಮಿಲಿ ಆಂಪಿಯರ್ ಮಾತ್ರ ತೆಗೆದುಕೊಳ್ಳಬೇಕು. ನಂತರ ಕಂಪ್ಯೂಟರನ್ನು ಕೇಳಿ, ಅದು ಹೂಂ ಅಂದರೆ 500 ಮಿಲಿ ಆಂಪಿಯರ್ ತನಕ ಹೋಗಬಹುದು. ಅದು ಅರ್ಧ ಆಂಪಿಯರ್, ಅಂದರೆ 2.5 ವ್ಯಾಟ್. ಮೌಸಿಗೆ ಇದು ಹಬ್ಬದೂಟ. ನಮ್ಮ ಡಿಸ್ಕು ಬೇಡುತ್ತಿದ್ದುದರ ಅರ್ಧ. 2008ರಲ್ಲಿ ಬಂದ ಮೂರನೇ ಪೀಳಿಗೆಯ ಯುಎಸ್‌ಬಿ ಈ ಮಿತಿಯನ್ನು 900 ಮಿಲಿ ಆಂಪಿಯರಿಗೆ, ಅಂದರೆ 4.5 ವ್ಯಾಟಿಗೆ ಏರಿಸಿತು. ಒಳಗೆ ನೀಲಿ ಬಣ್ಣ ಇರುವ ಬಾಯಿ ಸಾಮಾನ್ಯವಾಗಿ ಇದೇ ಪೀಳಿಗೆಯದು. ನಮ್ಮ ಮನೆಯ ಕಂಪ್ಯೂಟರನ್ನು ಹಿಂದೆ ಮುಂದೆ ಹುಡುಕಿದೆವು. ನೀಲಿ ಬಾಯಿ ಒಂದೂ ಇರಲಿಲ್ಲ.

"ಹಂಗಂದ್ರ ಇದು ಸತ್ತಿಲ್ಲಜ್ಜಾ, ಇದಕ್ಕ ಹಸಿವಾಗೇತಿ!" ಎಂದಳು ಮೊಮ್ಮಗಳು. ನನಗೂ ತುಸು ಜೀವ ಬಂತು. ಮರುದಿನ ಬೆಳಿಗ್ಗೆ ಇಬ್ಬರೂ ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಶಿರಹಟ್ಟಿಯ ಬಸ್ಸು ಹತ್ತಿದೆವು. ಅಲ್ಲಿ ನನ್ನ ತಮ್ಮನ ಮಗ ಫೋಟೊ ಸ್ಟುಡಿಯೊ ಇಟ್ಟಿದ್ದಾನೆ. ಮದುವೆ ವಿಡಿಯೊಗಳನ್ನೆಲ್ಲ ಹಾರ್ಡ್ ಡಿಸ್ಕಿನಲ್ಲೇ ಇಡುವವನು.

ಶಿರಹಟ್ಟಿಯ ದೊಡ್ಡ ಡಿಸ್ಕು

ಅವನ ಮೇಜಿನ ಮೇಲಿದ್ದ ಡಿಸ್ಕು ದಪ್ಪ ಪುಸ್ತಕದಷ್ಟಿತ್ತು. ಅದಕ್ಕೆ ಯುಎಸ್‌ಬಿ ಕೇಬಲ್ಲಲ್ಲದೆ ಇನ್ನೊಂದು ತಂತಿ, ಅದರ ತುದಿಗೆ ಗೋಡೆಯ ಸಾಕೆಟ್ಟಿಗೆ ಹಾಕುವ ಕರಿಯ ಡಬ್ಬಿ.

"ಕಾಕಾ, ಈ ದೊಡ್ಡ ಡಿಸ್ಕಿಗೆ 12 ವೋಲ್ಟ್ ಬೇಕ್ರಿ. ಯುಎಸ್‌ಬಿ ಕೊಡೂದು ಐದ. ಅದಕ್ಕ ಇದರ ಊಟ ಬ್ಯಾರೆ, ಮಾತು ಬ್ಯಾರೆ" ಎಂದ ಅವನು.

ಆ ಕರಿಯ ಡಬ್ಬಿಯೇ ಅಡಾಪ್ಟರ್. ಮನೆಯ ಸಾಕೆಟ್ಟಿನಲ್ಲಿ ಬರುವುದು 230 ವೋಲ್ಟಿನ ಪರ್ಯಾಯ ವಿದ್ಯುತ್. ಅದು ಬೀಸುಕಲ್ಲಿಗೆ ಬದಲು ಒನಕೆಯ ಹಾಗೆ, ಸೆಕೆಂಡಿಗೆ 50 ಸಲ ಅತ್ತಿತ್ತ ಆಡುತ್ತದೆ. ಡಿಸ್ಕಿಗೆ ಬೇಕಾದದ್ದು ಕಾಲುವೆಯ ನೀರಿನಂತೆ ಒಂದೇ ದಿಕ್ಕಿಗೆ ಹರಿಯುವ ನೇರ ವಿದ್ಯುತ್. ಅಡಾಪ್ಟರ್ ಒತ್ತಡವನ್ನು ಇಳಿಸುತ್ತದೆ, ಹರಿವನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಅವನ ಅಡಾಪ್ಟರಿನ ಮೇಲೆ 12 ವೋಲ್ಟ್, 2 ಆಂಪಿಯರ್ ಎಂದಿತ್ತು. ಅಂದರೆ 24 ವ್ಯಾಟ್ ಕೊಡುವ ತಾಕತ್ತು. ದೊಡ್ಡ ಡಿಸ್ಕು ಓಡುವಾಗ ಅಷ್ಟು ತಿನ್ನುವುದಿಲ್ಲ, ಆರೇಳು ವ್ಯಾಟಿನಲ್ಲಿ ಸುಧಾರಿಸುತ್ತದೆ. ಭಾರದ ತಟ್ಟೆಗಳನ್ನು ಮೊದಲು ಎಬ್ಬಿಸುವಾಗ ಮಾತ್ರ ಆ ದೊಡ್ಡ ತುತ್ತು ಬೇಕು.

ಕಪಾಟಿನಲ್ಲಿ ಇನ್ನೂ ಮೂರು ಅಡಾಪ್ಟರುಗಳಿದ್ದವು. ದುಂಡನೆಯ ಪಿನ್ನು ನೋಡಿದರೆ ಎಲ್ಲ ಒಂದೇ. "ಯಾವುದು ಹಾಕಿದ್ರೂ ನಡೀತೈತೇನು?" ಎಂದು ಕೇಳಿದಳು ಮೊಮ್ಮಗಳು.

"ಅದ ಮೋಸ ನೋಡವಾ" ಎಂದು ನಕ್ಕ ಅವನು. 5 ವೋಲ್ಟಿನ ಒಂದು ಪೆಟ್ಟಿಗೆಗೆ ಟಿವಿ ಡಬ್ಬಿಯ 12 ವೋಲ್ಟಿನ ಅಡಾಪ್ಟರ್ ಸಿಕ್ಕಿಸಿ, ಸುಟ್ಟ ವಾಸನೆ ಕುಡಿದಿದ್ದನಂತೆ. ನಿಯಮ ಸರಳ. ವೋಲ್ಟ್ ಇದ್ದದ್ದು ಇದ್ದಂತೆಯೇ ಹೊಂದಬೇಕು. ಆಂಪಿಯರ್ ಬೇಕಾದಷ್ಟೇ ಇರಬೇಕು ಇಲ್ಲವೇ ಹೆಚ್ಚಿರಬೇಕು. ಆಂಪಿಯರ್ ಹೆಚ್ಚಿದ್ದರೆ ಕೇಡಿಲ್ಲ, ಡಿಸ್ಕು ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಜೊತೆಗೆ ಪಿನ್ನಿನ ನಡುವೆ ಧನವೋ ಋಣವೋ ಎಂಬ ಪುಟ್ಟ ಚಿತ್ರವೂ ಎರಡೂ ಕಡೆ ಒಂದೇ ಇರಬೇಕು.

ಅವನು ಇದನ್ನು ಹೇಳುತ್ತಿರುವಾಗಲೇ ಕರೆಂಟ್ ಹೋಯಿತು. ಯುಪಿಎಸ್ ಕೀಂ ಕೀಂ ಎಂದು ಕೂಗಿತು. ಕಂಪ್ಯೂಟರು ಹಾಗೇ ಉಳಿಯಿತು. ಆದರೆ ದೊಡ್ಡ ಡಿಸ್ಕಿನ ದೀಪ ಆರಿತು! ಕಂಪ್ಯೂಟರಿಗೂ ಪರದೆಗೂ ಯುಪಿಎಸ್ ಇತ್ತು. ಡಿಸ್ಕಿನ ಅಡಾಪ್ಟರನ್ನು ಮಾತ್ರ ಗೋಡೆಯ ಸಾಕೆಟ್ಟಿಗೆ ಹಾಕಿದ್ದ. ಅದಕ್ಕೆ ನಕಲಾಗುತ್ತಿದ್ದ ಸೀಮಂತದ ವಿಡಿಯೊ ನಡುವೆಯೇ ತುಂಡಾಯಿತು. ಪುಣ್ಯಕ್ಕೆ ಕ್ಯಾಮೆರಾದಲ್ಲಿ ಮೂಲ ಉಳಿದಿತ್ತು.

ಇಂಥ ಹೊತ್ತಿನಲ್ಲಿ ಡಿಸ್ಕಿನೊಳಗೆ ಒಂದು ಚಂದದ ಕೆಲಸ ನಡೆಯುತ್ತದೆ. ವಿದ್ಯುತ್ ನಿಂತರೂ ತಟ್ಟೆ ಸ್ವಲ್ಪ ಹೊತ್ತು ತನ್ನ ರಭಸಕ್ಕೆ ತಿರುಗುತ್ತಲೇ ಇರುತ್ತದಲ್ಲ, ಆಗ ಅದರ ಮೋಟರೇ ಪುಟ್ಟ ಜನರೇಟರ್ ಆಗುತ್ತದೆ. ಆ ಹನಿ ವಿದ್ಯುತ್ತಿನಿಂದ ಓದುವ ತಲೆಯನ್ನು ಸುರಕ್ಷಿತ ಜಾಗಕ್ಕೆ ಸರಿಸಿಕೊಳ್ಳುತ್ತದೆ. ಹೀಗೆ ತಟ್ಟೆ ಗೀರುಬೀಳದೆ ಉಳಿಯುತ್ತದೆ. ಆದರೆ ಬರೆಯುತ್ತಿದ್ದ ಮಾಹಿತಿ ಅರ್ಧಕ್ಕೆ ನಿಲ್ಲುವುದನ್ನು ಅದು ತಪ್ಪಿಸಲಾರದು.

ನಮ್ಮ ಪುಟ್ಟ ಡಿಸ್ಕನ್ನು ಅವನು ಹಾಕಿ ನೋಡಲು ಒಪ್ಪಲಿಲ್ಲ. "ಅಜ್ಜಿ ದನಿ ಐತಿ ಅಂತೀರಿ. ಸುಮ್ನ ಮತ್ತ ಮತ್ತ ಹಾಕಿ ನೋಡೂದು ಬ್ಯಾಡ. ಗದುಗಿಗೆ ಒಯ್ರಿ, ಬಲ್ಲವರು ನೋಡಲಿ" ಎಂದ. ಅವನ ಆ ಎಚ್ಚರ ನನಗೆ ಹಿಡಿಸಿತು.

ಬೆಟಗೇರಿಯ ಮಗ್ಗ ಕಲಿಸಿದ ಪಾಠ

ಗದುಗಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು ನನ್ನ ಹಳೆಯ ವಿದ್ಯಾರ್ಥಿ. ಬೆಟಗೇರಿಯ ನೇಕಾರರ ಮನೆಯವನು, ಸೋದರಮಾವನ ಮನೆಯಲ್ಲಿದ್ದು ನಮ್ಮ ಶಾಲೆಯಲ್ಲಿ ಓದಿದವನು.

"ಬರ್ರಿ ಸರ, ಕುಂದರ್ರಿ" ಎಂದು ಸ್ಟೂಲು ಕೊಟ್ಟ. ಕಥೆ ಕೇಳಿದ ಮೇಲೆ ಮೊದಲು ಡಿಸ್ಕನ್ನು ಕೈಯಲ್ಲಿ ಹಿಡಿದು, "ಕೆಳಗ ಬಿದ್ದಿತ್ತೇನ್ರಿ?" ಎಂದು ಕೇಳಿದ. ಇಲ್ಲ ಅಂದೆ. ಆಮೇಲೆ ಬೆರಳುದ್ದದ ಒಂದು ಮೀಟರನ್ನು ಕಂಪ್ಯೂಟರಿನ ಬಾಯಿಗೆ ಹಾಕಿ, ಅದರ ಇನ್ನೊಂದು ತುದಿಗೆ ನಾವು ತಂದಿದ್ದ ಉದ್ದನೆಯ ಕೇಬಲ್ ಸಿಕ್ಕಿಸಿ, ಕೇಬಲ್ಲಿನ ತುದಿಯನ್ನು ಕೈಯಲ್ಲೆತ್ತಿ ತೋರಿಸಿದ.

"ಈ ಕೇಬಲ್ ನೋಡ್ರಿ. ಉದ್ದ ಭಾಳ, ಒಳಗಿನ ತಂತಿ ಸಣ್ಣದು. ಸಣ್ಣ ಪೈಪಿನ್ಯಾಗ ದೂರದ ಹೊಲಕ್ಕ ನೀರು ಬಿಟ್ಟಂಗ. ಮುಟ್ಟೂದ್ರಾಗ ಜೋರು ಹೋಗಿರತೈತಿ. ಓಮ್‌ನ ನಿಯಮ ಸರ, ನೀವ ಕಲಿಸಿದ್ದು!"

ಸರಿಯೇ ಹೇಳಿದ. ತಂತಿಯ ರೋಧ ಬರೀ 0.6 ಓಮ್ ಇದ್ದರೂ ಸಾಕು. 1 ಆಂಪಿಯರ್ ಹರಿದಾಗ 0.6 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಹೊರಟ 5 ವೋಲ್ಟ್ ಡಿಸ್ಕಿನ ಬಾಗಿಲಿಗೆ ಬರುವಾಗ 4.4 ಆಗಿರುತ್ತದೆ.

"ಆದರೂ ಒಂದು ಪ್ರಶ್ನಿ ಉಳೀತು ನೋಡ್ರಿ ಕಾಕಾ" ಎಂದಳು ಮೊಮ್ಮಗಳು. "ದೀಪ ಹತ್ತತೈತಿ, ಸದ್ದು ಬರತೈತಿ. ಅರ್ಧ ಊಟದಾಗ ಅರ್ಧ ಜೋರಿಂದ ಯಾಕ ತಿರುಗಬಾರದು?"

ಅವನು ತನ್ನ ಮನೆಯ ಮಗ್ಗದ ಮಾತು ತೆಗೆದ. ಸಣ್ಣವನಿದ್ದಾಗ ಸಂಜೆ ಬಲ್ಬಿನ ಕೆಳಗೆ ಅಭ್ಯಾಸ ಮಾಡುತ್ತಿದ್ದನಂತೆ. ವಿದ್ಯುತ್ ಮಗ್ಗದ ಸ್ವಿಚ್ಚು ಒತ್ತಿದಾಗಲೆಲ್ಲ ಬಲ್ಬು ಒಂದು ಕ್ಷಣ ಮಂಕಾಗಿ ಮತ್ತೆ ಬೆಳಗುತ್ತಿತ್ತು. ಹೊಲದಲ್ಲಿ ಪಂಪ್‌ಸೆಟ್ ಹಚ್ಚಿದಾಗಲೂ ಹೀಗೇ. ನಿಂತ ಮೋಟರನ್ನು ಎಬ್ಬಿಸಲು ಬೇಕಾಗುವಷ್ಟು ವಿದ್ಯುತ್ ಓಡುವ ಮೋಟರಿಗೆ ಬೇಡ. ತುಂಬಿದ ಚಕ್ಕಡಿಯನ್ನು ಎತ್ತುಗಳು ಮೊದಲು ಜಗ್ಗುವಾಗ ಕೊರಳು ಚಾಚುತ್ತವೆ, ಉರುಳತೊಡಗಿದ ಮೇಲೆ ಆರಾಮಾಗಿ ನಡೆಯುತ್ತವೆ. ಪುಟ್ಟ ಡಿಸ್ಕೂ ಅಷ್ಟೇ. ಓಡುವಾಗ ಅರ್ಧ ಆಂಪಿಯರಿನ ಆಸುಪಾಸಿನಲ್ಲಿ ನಡೆದುಹೋಗುತ್ತದೆ. ಎದ್ದು ನಿಲ್ಲುವ ಕೆಲವು ಸೆಕೆಂಡು ಮಾತ್ರ ಒಂದು ಆಂಪಿಯರ್ ಬೇಡುತ್ತದೆ. ಅದು ಸಿಗದಾಗ ಎದ್ದೇಳಲು ನೋಡುತ್ತದೆ, ಸೋಲುತ್ತದೆ, ಮತ್ತೆ ನೋಡುತ್ತದೆ. ಆ ಸೋಲಿನ ಸದ್ದೇ ಕಟ್ ಕಟ್.

"ಸರ, ಇದರ ಜೋಡಿ ಮೊದಲ ಎರಡು ತಲಿ ಕೇಬಲ್ ಬಂದಿತ್ತೇನ್ರಿ?"

ನನಗೆ ಥಟ್ಟನೆ ನೆನಪಾಯಿತು. ಬಂದಿತ್ತು. ಒಂದು ಕಡೆ ಡಿಸ್ಕಿಗೆ ಹಾಕುವ ತುದಿ, ಇನ್ನೊಂದು ಕಡೆ ಕವಲೊಡೆದ ಎರಡು ಯುಎಸ್‌ಬಿ ತಲೆ. ಎರಡನೆಯದು ಯಾಕೆ ಬೇಕು, ಸುಮ್ಮನೆ ಅಡ್ಡಾಡುತ್ತದೆ ಎಂದು ಬೇಸರಪಟ್ಟು, ಅದನ್ನು ರದ್ದಿಯ ಜೊತೆ ಹಾಕಿ ಉದ್ದನೆಯ ಈ ಕೇಬಲ್ ತಂದವನು ನಾನೇ. ತಲೆ ತಗ್ಗಿಸಿದೆ.

ಅವನು ನಗುತ್ತ ಡ್ರಾದಿಂದ ಅಂಥದೇ ಒಂದು ಗಿಡ್ಡ ಕೇಬಲ್ ತೆಗೆದ. ಒಂದು ತಲೆ ಮಾತು ಮತ್ತು ಊಟ ಎರಡನ್ನೂ ತರುತ್ತದೆ, ಇನ್ನೊಂದು ತಲೆ ಊಟವನ್ನಷ್ಟೇ ತರುತ್ತದೆ. ಎರಡು ಬಾಯಿಗಳಿಂದ ಅರ್ಧರ್ಧ ಕೂಡಿದರೆ ಒಂದು ಆಂಪಿಯರ್. ನನಗೆ ಬೀಸುಕಲ್ಲು ಕಣ್ಣ ಮುಂದೆ ಬಂತು. ದೊಡ್ಡ ಕಲ್ಲನ್ನು ಅವ್ವ ಒಬ್ಬಳೇ ಎಂದೂ ಬೀಸುತ್ತಿರಲಿಲ್ಲ. ಎದುರಿಗೆ ಚಿಗವ್ವ ಕೂತು ಅದೇ ಗೂಟಕ್ಕೆ ಕೈ ಕೊಡುತ್ತಿದ್ದಳು.

ಎರಡೂ ತಲೆ ಸಿಕ್ಕಿಸಿದ. ದೀಪ ಹತ್ತಿತು. ಮೂವರೂ ಉಸಿರು ಬಿಗಿಹಿಡಿದೆವು. ಈ ಸಲ ಕಟ್ ಎನ್ನಲಿಲ್ಲ. ದೂರದ ದುಂಬಿಯಂತೆ ಒಂದು ಸಣ್ಣ ಝೇಂಕಾರ. ಪರದೆಯ ಮೇಲೆ ಒಂದು ಕಡತಕೋಶ ಕಾಣಿಸಿತು. ಅದರ ಹೆಸರು 'ಅವ್ವ'.

ಹಾಡು ಹಚ್ಚಲು ಕೈಚಾಚಿದ ನನ್ನನ್ನು ಅವನು ತಡೆದ. "ಮೊದಲು ನಕಲು ಸರ, ಆಮ್ಯಾಲ ಹಾಡು." 41 ಪದ ತನ್ನ ಕಂಪ್ಯೂಟರಿಗೆ ಇಳಿಸಿ, ಅಲ್ಲಿಂದ ಒಂದು ಪೆನ್ ಡ್ರೈವಿಗೂ ಹಾಕಿಕೊಟ್ಟ. ಕೂಲಿ ಬೇಡ ಎಂದ, ಕೇಬಲ್ಲಿನ ದುಡ್ಡಷ್ಟೇ ತೆಗೆದುಕೊಂಡ. ಜೊತೆಗೆ ಒಂದು ಎಚ್ಚರಿಕೆಯನ್ನೂ ಹೇಳಿದ. ಕಟ್ ಕಟ್ ಎಲ್ಲವೂ ಹಸಿವಿನದಲ್ಲ. ಬಿದ್ದು ಪೆಟ್ಟಾದ ಡಿಸ್ಕು, ಮುಪ್ಪಾದ ಡಿಸ್ಕು ಕೂಡ ಹಾಗೇ ಸದ್ದು ಮಾಡುತ್ತದೆ. ಗಿಡ್ಡ ಕೇಬಲ್ಲು, ಸಾಕಷ್ಟು ವಿದ್ಯುತ್ತು ಕೊಟ್ಟ ಮೇಲೂ ಸದ್ದು ನಿಲ್ಲದಿದ್ದರೆ ಕೂಡಲೇ ತೆಗೆದಿಡಬೇಕು. ಮತ್ತೆ ಮತ್ತೆ ಹಾಕಿದಷ್ಟೂ ಒಳಗಿನ ಗಾಯ ಹೆಚ್ಚುತ್ತದೆ.

ಮುಂಡರಗಿಯ ದಾರಿಯಲ್ಲಿ

ಹಬ್ಬದ ದಿನ ಗದುಗಿನಿಂದ ಮುಂಡರಗಿಗೆ ಹೊರಟೆವು. ಶ್ರಾವಣದ ಗಾಳಿ ಬಸ್ಸಿನ ಕಿಟಕಿಯಿಂದ ನುಗ್ಗುತ್ತಿತ್ತು. ಕಪ್ಪತಗುಡ್ಡದ ಕಡೆ ಬಿಳಿಯ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿದ್ದವು.

"ಸಣ್ಣಾಕಿದ್ದಾಗ ಅವನ್ನ ದೊಡ್ಡ ಫ್ಯಾನು ಅಂತಿದ್ದೆ" ಎಂದಳು ಮೊಮ್ಮಗಳು. ಫ್ಯಾನು ವಿದ್ಯುತ್ ತಿಂದು ಗಾಳಿ ಕೊಡುತ್ತದೆ. ಇವು ಗಾಳಿ ತಿಂದು ವಿದ್ಯುತ್ ಕೊಡುತ್ತವೆ. ಹಾಗೆ ಹುಟ್ಟಿದ ವಿದ್ಯುತ್ತು ಅಣೆಕಟ್ಟಿನ, ಕಲ್ಲಿದ್ದಲಿನ, ಬಿಸಿಲಿನ ವಿದ್ಯುತ್ತಿನ ಜೊತೆ ದೊಡ್ಡ ತಂತಿಜಾಲದಲ್ಲಿ ಕೂಡಿಕೊಳ್ಳುತ್ತದೆ. ಇಂದು ನನ್ನ ಡಿಸ್ಕು ತಿಂದದ್ದು ಯಾವ ಗುಡ್ಡದ ಗಾಳಿ ಎಂದು ಬೊಟ್ಟು ಮಾಡಿ ತೋರಿಸಲಾಗದು. ಆದರೆ ದಾರಿ ಹೇಳಬಹುದು: ಗುಡ್ಡದಿಂದ ಉಪಕೇಂದ್ರಕ್ಕೆ, ಅಲ್ಲಿಂದ ಬೀದಿಯ ಕಂಬಕ್ಕೆ, ಕಂಬದಿಂದ 230 ವೋಲ್ಟಾಗಿ ಮನೆಗೆ, ಕಂಪ್ಯೂಟರಿನೊಳಗೆ 5 ವೋಲ್ಟಾಗಿ, ಕೆಂಪು ತಂತಿಯಲ್ಲಿ ಡಿಸ್ಕಿನ ಮೋಟರಿಗೆ. ಅಲ್ಲಿ ಗಾಳಿಯಂತ್ರ ತಿರುಗಿದರೆ ಇಲ್ಲಿ ತಟ್ಟೆ ತಿರುಗುತ್ತದೆ.

ಈಗ ಬರುತ್ತಿರುವ ಸಾಧನಗಳಲ್ಲಿ ಮೂಲೆ ಉರುಟಾದ ಪುಟ್ಟ ಬಾಯಿ ನೋಡಿರುತ್ತೀರಿ, ಅದು ಯುಎಸ್‌ಬಿ-ಸಿ. ಅದರಲ್ಲಿ ಕೊಡುವವರೂ ತೆಗೆದುಕೊಳ್ಳುವವರೂ ಮಾತಾಡಿಕೊಂಡು ವೋಲ್ಟನ್ನೇ ಏರಿಸಿಕೊಳ್ಳುವ ಏರ್ಪಾಟು ಇರಬಹುದು. 2012ರ ನಿಯಮ 100 ವ್ಯಾಟ್ ತನಕ ಒಪ್ಪಿತ್ತು, 2021ರದು 240 ವ್ಯಾಟ್ ತನಕ. ತಟ್ಟೆಯೇ ಇಲ್ಲದ ಎಸ್‌ಎಸ್‌ಡಿ ಎಂಬ ಡಿಸ್ಕುಗಳೂ ಬಂದಿವೆ. ತಿರುಗುವುದಿಲ್ಲವಾದ್ದರಿಂದ ಎದ್ದು ನಿಲ್ಲುವ ಆ ದೊಡ್ಡ ತುತ್ತು ಅವಕ್ಕೆ ಬೇಡ.

ಕರೆಂಟ್ ಹೋಯಿತು, ಪದ ನಿಲ್ಲಲಿಲ್ಲ

ಚಿಗವ್ವನ ಮನೆಯಲ್ಲಿ ಉಂಡಿ, ಅಳ್ಳು ತಿಂದಾದ ಮೇಲೆ ಪಡಸಾಲೆಯಲ್ಲಿ ಎಲ್ಲರೂ ಕೂತೆವು. ಚಿಗವ್ವನ ಮೊಮ್ಮಗ ಕಾಲೇಜಿನ ಲ್ಯಾಪ್‌ಟಾಪ್ ತಂದ. ಡಿಸ್ಕನ್ನು ಎರಡು ತಲೆಯ ಕೇಬಲ್ಲಿನಿಂದಲೇ ಸಿಕ್ಕಿಸಿದೆವು. ಮೊದಲು ಬೀಸುಕಲ್ಲಿನ ಗರಗರ ಸದ್ದು. ಅದರ ಹಿಂದೆ ಅವ್ವನ ದನಿ. ಚಿಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ಮೂರನೇ ಪದ ನಡೆದಿತ್ತು. ಕರೆಂಟ್ ಹೋಯಿತು. ಮೇಲಿನ ಫ್ಯಾನು ನಿಧಾನವಾಗಿ ನಿಂತಿತು.

"ಹೋತೇನೋ ತಮ್ಮಾ?" ಎಂದಳು ಚಿಗವ್ವ ಗಾಬರಿಯಿಂದ.

ಪದ ಮಾತ್ರ ನಿಂತಿರಲಿಲ್ಲ. ಪುಟ್ಟ ಡಿಸ್ಕು ಉಣ್ಣುತ್ತಿದ್ದುದು ಲ್ಯಾಪ್‌ಟಾಪಿನಿಂದ, ಲ್ಯಾಪ್‌ಟಾಪ್ ಉಣ್ಣುತ್ತಿದ್ದುದು ತನ್ನ ಬ್ಯಾಟರಿಯಿಂದ. ಶಿರಹಟ್ಟಿಯ ದೊಡ್ಡ ಡಿಸ್ಕು ಇದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮೊಮ್ಮಗಳು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಅಕ್ಕಪಕ್ಕದ ಮನೆಗಳ ಟಿವಿ, ಮಿಕ್ಸರುಗಳೂ ಸುಮ್ಮನಾದ್ದರಿಂದ ಅವ್ವನ ದನಿ ಇನ್ನೂ ಸ್ಪಷ್ಟವಾಗಿ ಕೇಳಿತು.

ಒಂದು ಪದ ಮುಗಿದಾಗ ಚಿಗವ್ವ ಕೈ ಎತ್ತಿ ತಡೆದಳು. "ತಡಿ ತಡಿ. ನಡುವ ಒಂದು ನುಡಿ ಬಿಟ್ಟಾಳ ನೋಡು ನಮ್ಮಕ್ಕ. ಅವತ್ತ ಹೇಳೂಣು ಅಂತಿದ್ದೆ, ಮಿಷನ್ ನಡದೈತಿ ಅಂತ ಸುಮ್ನಾದೆ."

ಎಂದವಳೇ, ಕಣ್ಣು ಮುಚ್ಚಿ, ಇಲ್ಲದ ಗೂಟವನ್ನು ಹಿಡಿದಂತೆ ಬಲಗೈ ತಿರುಗಿಸುತ್ತ ಆ ನುಡಿಯನ್ನು ಹಾಡಿದಳು. ಮೊಮ್ಮಗಳು ಯಾವಾಗ ಮೊಬೈಲು ತೆಗೆದು ರೆಕಾರ್ಡ್ ಮಾಡಿಕೊಂಡಳೋ ನನಗೆ ತಿಳಿಯಲಿಲ್ಲ.

ಈಗ ಆ ಪದಗಳು ಲಕ್ಷ್ಮೇಶ್ವರದಲ್ಲಿವೆ, ಶಿರಹಟ್ಟಿಯ ಸ್ಟುಡಿಯೊದಲ್ಲಿವೆ, ಗದುಗಿನಲ್ಲಿ ಮಗನ ಮನೆಯಲ್ಲಿವೆ, ಮುಂಡರಗಿಯಲ್ಲಿವೆ. ಬಿಟ್ಟುಹೋಗಿದ್ದ ನುಡಿಯೂ ನಾಲ್ಕು ಊರಿನಲ್ಲೂ ಸೇರಿದೆ. ಹಿರಿಯರೇ, ನಿಮ್ಮ ಮನೆಯ ಕಪಾಟಿನಲ್ಲೂ ಇಂಥದೊಂದು ಡಿಸ್ಕು ಇದ್ದರೆ ಈ ಭಾನುವಾರ ಮೊಮ್ಮಕ್ಕಳನ್ನು ಕೂಡ್ರಿಸಿಕೊಂಡು ಅದರ ಬೆನ್ನ ಮೇಲಿನ ಅಕ್ಷರ ಓದಿಸಿ. ಹಾಗೆಯೇ ನಕಲನ್ನೂ ಮಾಡಿಸಿಬಿಡಿ.

ಮನೆಯಲ್ಲಿ ಹಾರ್ಡ್ ಡಿಸ್ಕ್ ಇದ್ದವರಿಗೆ

• ಡಿಸ್ಕಿನ ಮೇಲೆ ಬರೆದ ವೋಲ್ಟ್, ಆಂಪಿಯರ್ ಓದಿ. 5 ವೋಲ್ಟ್ ಮಾತ್ರ ಇದ್ದರೆ ಅದು ಸಾಮಾನ್ಯವಾಗಿ ಯುಎಸ್‌ಬಿ ಕೇಬಲ್ಲಿನಿಂದಲೇ ಉಣ್ಣುವಂಥದ್ದು. 12 ವೋಲ್ಟ್ ಇದ್ದರೆ ಅದಕ್ಕೆ ಬೇರೆ ಅಡಾಪ್ಟರ್ ಬೇಕು.

• ಪುಟ್ಟ ಡಿಸ್ಕಿಗೆ ಗಿಡ್ಡ ಕೇಬಲ್ ಬಳಸಿ. ಅದರ ಜೊತೆ ಬಂದ ಕೇಬಲ್ಲನ್ನು, ಎರಡು ತಲೆ ಇದ್ದರೂ, ಎಸೆಯಬೇಡಿ.

• ನೀಲಿ ಬಾಯಿ ಇದ್ದರೆ ಅದಕ್ಕೇ ಹಾಕಿ. ವಿದ್ಯುತ್ ಸಾಲದಿದ್ದರೆ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಸಹಾಯಕ್ಕೆ ಬರುತ್ತದೆ.

• ಪಿನ್ನು ಹೊಂದಿತೆಂದು ಬೇರೆ ಅಡಾಪ್ಟರ್ ಹಾಕಬೇಡಿ. ವೋಲ್ಟ್ ಒಂದೇ ಇರಬೇಕು, ಆಂಪಿಯರ್ ಕಡಿಮೆ ಇರಬಾರದು, ಧನ-ಋಣದ ಚಿತ್ರ ಹೊಂದಬೇಕು.

• ದೊಡ್ಡ ಡಿಸ್ಕಿನ ಅಡಾಪ್ಟರನ್ನೂ ಯುಪಿಎಸ್‌ಗೆ ಸಿಕ್ಕಿಸಿ.

• ಡಿಸ್ಕು ತಿರುಗುವಾಗ ಎತ್ತಬೇಡಿ, ಅಲುಗಿಸಬೇಡಿ. ತೆಗೆಯುವ ಮುಂಚೆ ಕಂಪ್ಯೂಟರಿಗೆ ಹೇಳಿ, ಅದು ಒಪ್ಪಿದ ಮೇಲೆ ಕೇಬಲ್ ಕೀಳಿ.

• ಬೆಲೆಕಟ್ಟಲಾಗದ್ದು ಯಾವುದೇ ಇರಲಿ, ಒಂದೇ ಕಡೆ ಇಡಬೇಡಿ.